ಅವ್ವ ಹಿಡಿಯದ ವ್ರತ

ಅವ್ವನ ವಿಭೂತಿ ಗಟ್ಟಿಯ ಮೇಲೆ ಮೂರು ಬೆರಳಿನ ತಗ್ಗುಗಳಿದ್ದವು. ಆ ಶನಿವಾರ ಆ ತಗ್ಗುಗಳಲ್ಲಿ ದೂಳು ಕೂತಿತ್ತು. ನಾನು ವೇಲಿನಿಂದ ಒರೆಸಿ ಅಲ್ಲೇ ಇಟ್ಟೆ. ಯಾಕೆಂದು ಅವ್ವನನ್ನು ಕೇಳಲಿಲ್ಲ.

ನಾನು ಗೋಕಾಕದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ವಾರಕ್ಕೊಮ್ಮೆ ನಮ್ಮೂರು ಮಸಗುಪ್ಪಿಗೆ ಬರುತ್ತಿದ್ದೆ. ನಮ್ಮ ಮನೆಯಲ್ಲಿ ಇಷ್ಟಲಿಂಗದ ಪೂಜೆ ಆಗದೆ ಯಾರೂ ತುತ್ತು ಎತ್ತುವುದಿಲ್ಲ. ತಿಂಗಳಿಂದ ಅವ್ವ ಸಂಜೆಗೊಂದು ಲೋಟ ಮಜ್ಜಿಗೆ ಕುಡಿಯುತ್ತಿದ್ದಳು, ಅಷ್ಟೇ.

“ವ್ರತಾ ಹಿಡದಾಳ, ಕಾಡಬ್ಯಾಡ,” ಎಂದ ಅಪ್ಪ.

“ನಿಮ್ಮವ್ವ ಶರಣಿ ಆಗ್ಯಾಳಬೇ,” ಎಂದು ಬಾಜೂ ಮನೆಯ ಕಾಕು ನಕ್ಕಳು. “ನಿಂದೊಂದು ಮದಿವಿ ಆಗಿದ್ರ ಮಠಾನ ಸೇರ್ತಿದ್ಲು ನೋಡು.”

ನಾನೂ ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿಕೊಂಡಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ.

ವ್ರತ ಮುಗಿಸಿಕೊಡಲೆಂದು ಮುಂದಿನ ಭಾನುವಾರ ಅಪ್ಪ ಹುಕ್ಕೇರಿ ಕಡೆಯ ಸಣ್ಣ ಮಠದ ಸ್ವಾಮಿಗಳಾದ ಅಜ್ಜಾರನ್ನು ಕರೆಸಿದ. ಅವರು ಪಾದಪೂಜೆಗೆ ಕೂರಲಿಲ್ಲ. ಅವ್ವನ ಬಡಕಲು ತೋಳು ನೋಡಿ, ಅವಳೆದುರು ನೆಲದ ಮೇಲೇ ಕೂತರು.

“ಯಾವ ವ್ರತಾ ಯವ್ವಾ?”

“ವ್ರತಾ ಅಲ್ರಿ ಅಜ್ಜಾರ. ಲಿಂಗಾ ಅಂಗೈಯಾಗ ಇಟ್ಕೊಂಡ್ರ ಕಲ್ಲು ಹಿಡದಂಗ ಆಗ್ತೈತ್ರಿ. ಪೂಜಿ ಮಾಡಾಕ ಆಗವಲ್ದು. ಪೂಜಿ ಇಲ್ದ ಹೆಂಗ ಉಣ್ಣಲಿ?”

“ಮನ್ಯಾಗ ಯಾಕ ಹೇಳ್ಲಿಲ್ಲ?”

“ಎಲ್ಲಾರೂ ಹೊಗಳಾಕತ್ತಿದ್ರು,” ಎಂದಳು.

ಅಪ್ಪ ಎದ್ದು ಹೊರಗೆ ಹೋದ.

“ಇದು ಜಡ್ಡು ಯವ್ವಾ, ತಪ್ಪಲ್ಲ,” ಎಂದರು ಅಜ್ಜಾರು. “ಮದ್ಲ ಉಣ್ಣು. ನೀ ಆರಾಮ ಆಗೂ ತನಕಾ ನಿನ್ನ ಹೆಸರ್ಲೆ ನಾ ಪೂಜಿ ಮಾಡ್ತೇನಿ.” ನನ್ನ ಕಡೆ ತಿರುಗಿದರು. “ತಂಗಿ, ನಾಳೆ ಗೋಕಾಕದಾಗ ಮನಸಿನ ಡಾಕ್ಟರ್‌ಗೆ ತೋರಸೂಣು. ನಾನೂ ಬರ್ತೇನಿ.”

ಅವರು ಹೋದ ಮೇಲೆ ತಾಟು ಇಟ್ಟೆ. ಅವ್ವ ಮುಟ್ಟಲಿಲ್ಲ.

“ಅಜ್ಜಾರು ಹೇಳ್ಯಾರಲ್ಲವ್ವಾ.”

“ನೀ ಉಣ್ತಿ ಏನು, ಪೂಜಿ ಬಿಟ್ಟು?”

ಎಷ್ಟೋ ವಾರಗಳಲ್ಲಿ ಅವ್ವ ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ.

ಮರುದಿನ ಬೆಳಿಗ್ಗೆ ಅಜ್ಜಾರು ಬರಲು ಇನ್ನೂ ಹೊತ್ತಿತ್ತು. ನಾನು ಜಳಕ ಮಾಡಲಿಲ್ಲ, ಪೂಜೆಗೆ ಕೂರಲಿಲ್ಲ. ಬಟ್ಟಲಿನಲ್ಲಿ ಮೊಸರಿಗೆ ರೊಟ್ಟಿ ಮುರಿದು ಹಾಕಿಕೊಂಡು ಅವ್ವನೆದುರು ಕೂತೆ. ಮೊದಲ ತುತ್ತು ನಾನೇ ತಿಂದೆ. ಜೀವಮಾನದಲ್ಲಿ ಮೊದಲ ಸಲ ಹಾಗೆ ಉಣ್ಣುತ್ತಿದ್ದೆ. ಅವ್ವ ನೋಡುತ್ತಿದ್ದಳು. ಎರಡನೆಯ ತುತ್ತನ್ನು ಅವಳ ಬಾಯಿಯ ಹತ್ತಿರ ಹಿಡಿದೆ. ಮೊಸರು ಮುಂಗೈಗೆ ಇಳಿಯುವವರೆಗೂ ಹಿಡಿದೇ ಇದ್ದೆ.