ಮುದ್ದೆಯ ಮುಂದೆ ಆಮೆನ್

ಹಸುಗಳಿಗೆ ಚುಚ್ಚುಮದ್ದು ಹಾಕಲು ಕಾಮಸಮುದ್ರದ ಕಡೆ ಹೋಗಿದ್ದಾಗ ಒಂದು ಮನೆಯಲ್ಲಿ ಊಟಕ್ಕೆ ಕೂರಿಸಿದರು.

"ಮೊಮ್ಮಗಳು ದಿನಾ ಬಂಗಾರಪೇಟೆ ಕಾನ್ವೆಂಟ್‌ಗೆ ಬಸ್ಸಲ್ಲಿ ಓಗಿ ಸೊರಗೋಗವ್ಳೆ ಮೇಡಂ. ಈ ವರ್ಸ ಬಿಡಿಸ್ಬುಡ್ತೀನಿ," ಎಂದರು ಮನೆಯ ತಾತ.

"ಅವ್ಳು ಅಲ್ಲಿಗೆ ಸೇರಿದ್ಮೇಲೇ ನಾವೆಲ್ಲ ಒಟ್ಗೆ ಕೂತು ಉಣ್ತಿರೋದು," ಎಂದು ಅಜ್ಜಿ ಗೊಣಗಿದರು.

ನಾನು ಮುದ್ದೆ ಮುರಿಯುವಷ್ಟರಲ್ಲಿ ಮೂರನೇ ಕ್ಲಾಸಿನ ಆ ಮೊಮ್ಮಗಳು ಗದರಿದಳು: "ಆಂಟಿ, ಪ್ರೇಯರ್!"

ಹಣೆತುಂಬ ನಾಮವಿದ್ದ ತಾತನೂ ಕಣ್ಣು ಮುಚ್ಚಿ ಕೈ ಮುಗಿದರು.

"ದೇವರೇ, ಮುದ್ದೆಗೆ ಥ್ಯಾಂಕ್ಸ್. ಸಾರು ಮಾಡಿದ ಅಜ್ಜಿಗೂ ಥ್ಯಾಂಕ್ಸ್. ತಾತ ನನ್ನ ಸ್ಕೂಲು ಬಿಡಿಸದಂಗೆ ನೋಡ್ಕೊ."

"ಆಮೆನ್!" ಎಲ್ಲರಿಗಿಂತ ಜೋರಾಗಿ ಕೂಗಿದ್ದು ತಾತನೇ.

ಅಜ್ಜಿ ಬಿದ್ದು ಬಿದ್ದು ನಕ್ಕರು. "ದೇವ್ರ ಮುಂದೆ ಒಪ್ಕೊಂಡಾಯ್ತಲ್ಲ, ಇನ್ನು ಸುಮ್ಕೆ ಉಣ್ಣು!"

ತಾತ ಪೆಚ್ಚಾಗಿ ಸಾರು ಸುರಿದುಕೊಂಡರು. ಇಷ್ಟು ಬೇಗ ಮಂಜೂರಾದ ಅರ್ಜಿಯನ್ನು ನಮ್ಮ ಇಲಾಖೆಯಲ್ಲಂತೂ ನಾನು ಕಂಡಿಲ್ಲ.