ಸುಡಲೆಂದು ಬರೆದ ಪೋಥಿ

ಮರಾಠಿ ಸೀಮೆಯ ಗಡಿಯಲ್ಲಿರುವ ಉಮರ್ಗಾ ಪೇಟೆಯಲ್ಲಿ ಇನ್ನೂ ಒಂದು ಅಂಗಡಿಯ ಬಾಗಿಲೂ ತೆರೆದಿಲ್ಲ. ಹೆದ್ದಾರಿಯಲ್ಲಿ ಹೈದರಾಬಾದಿನ ಕಡೆ ಹೊರಟ ಲಾರಿಗಳ ಸದ್ದು ಬಿಟ್ಟರೆ ಊರು ಮಗ್ಗಲು ಬದಲಿಸಿ ಇನ್ನೊಂದು ಜೊಂಪು ನಿದ್ದೆಗೆ ಜಾರಿದೆ. ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ ಮಾತ್ರ ಒಂದು ಸ್ಟೋ ಭುಸುಗುಡುತ್ತಿದೆ. ಅದರ ಮೇಲಿನ ಬೋಗುಣಿಯಲ್ಲಿ ಮೈದಾ ಹಿಟ್ಟಿನ ಅಂಟು ಕುದಿಯುತ್ತಿದೆ. ಜಗದೇವಿ ಕುಕ್ಕರಗಾಲಲ್ಲಿ ಕುಳಿತು, ಗಂಟಾಗದಂತೆ ಅದನ್ನು ತಿರುವುತ್ತಿದ್ದಾರೆ. ಹುಳ ಹತ್ತದಿರಲೆಂದು ಮೇಲೆ ಒಂದು ಚಿಟಿಕೆ ಮೈಲುತುತ್ತ ಬೀಳುತ್ತದೆ. ಓಣಿಯ ನಾಯಿಯೊಂದು ಇದೇನೋ ತಿನ್ನುವ ವಸ್ತುವೆಂದು ಬಾಲ ಅಲ್ಲಾಡಿಸುತ್ತ ಬಂದು ನಿಲ್ಲುತ್ತದೆ. "ಇದು ನಿನಗಲ್ಲೋ ಮಾರಾಯಾ, ಪುಸ್ತಕಕ್ಕ" ಎಂದು ಜಗದೇವಿ ಅದಕ್ಕೆ ತಿಳಿಸಿ ಹೇಳುತ್ತಾರೆ. ನಾಯಿ ನಂಬುವುದಿಲ್ಲ. ದಿನಾ ಬರುತ್ತದಂತೆ.

ಅರವತ್ತರ ಹತ್ತಿರ ಬಂದಿರುವ ಜಗದೇವಿ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಮಂಚದಷ್ಟು ಅಗಲದ ಅಂಗಡಿ. ಒಂದು ದಬ್ಬಣ, ಮೇಣ ಸವರಿದ ದಾರದ ಉಂಡೆ, ಕತ್ತರಿ, ಒಣಗುವ ಪುಸ್ತಕಗಳ ಮೇಲೆ ಹೇರಲು ಹಳೆಯ ಬೀಸುವ ಕಲ್ಲಿನ ಒಂದು ಹೋಳು. ಯಂತ್ರ ಎನ್ನುವಂಥದ್ದು ಆ ಸ್ಟೋ ಒಂದೇ. ಜೂನ್ ತಿಂಗಳಲ್ಲಿ ಶಾಲೆ ಮಕ್ಕಳ ಪುಸ್ತಕ, ಶ್ರಾವಣಕ್ಕೆ ಭಜನಾ ಮಂಡಳಿಗಳ ಹಾಡಿನ ಪುಸ್ತಕ, ನಡುನಡುವೆ ಕಚೇರಿಗಳ ಕಡತ. ದಾಳಿಂಬ ಎಂಬ ಊರಿನಿಂದ ಶೇರ್ ಆಟೋದಲ್ಲಿ ಚೀಲ ತುಂಬಿ ಪುಸ್ತಕ ಬರುತ್ತವೆ, ನಿಲಂಗಾದ ಶಾಲೆಯೊಂದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತದೆ. ಸುಗ್ಗಿಯಲ್ಲಿ ದಿನಕ್ಕೆ ಐವತ್ತು ಅರವತ್ತು ಪುಸ್ತಕಗಳು ಕೈ ದಾಟುತ್ತವೆ. ಬೆರಳ ತುದಿಯ ಚರ್ಮ ದಬ್ಬಣ ತಾಕಿದರೂ ಗೊತ್ತಾಗದಷ್ಟು ಜಡ್ಡುಗಟ್ಟಿದೆ.

"ಪುಸ್ತಕಂದ್ರ ಮನಶ್ಯಾರಂಗ ನೋಡ್ರಿ. ಮೊದ್ಲ ಬೆನ್ನ ಹೋಗ್ತದ. ಬೆನ್ನ ಗಟ್ಟಿ ಮಾಡಿ ಕೊಟ್ರ ಉಳದದ್ದು ತಾನ ನಿಲ್ತದ" ಎನ್ನುತ್ತಾರೆ. ಹೇಳುತ್ತಲೇ ತಮ್ಮ ಸೊಂಟಕ್ಕೆ ಕೈಯೊತ್ತಿ ನಗುತ್ತಾರೆ.

ಅಂಗಡಿಯ ಮೂಲೆಯಲ್ಲಿ ಒಂದು ಬುಟ್ಟಿ ಇದೆ. ಹರಿದ, ಮತ್ತೆ ಹಚ್ಚಲು ಬಾರದ ಹಾಳೆಗಳು ಅದಕ್ಕೆ ಬೀಳುತ್ತವೆ. ಚಹಾದ ಅಂಗಡಿಯವರು ಒಲೆಗೆ ಕೇಳಿದರೆ ಜಗದೇವಿ ಕೊಡುವುದಿಲ್ಲ. ಬುಟ್ಟಿ ತುಂಬಿದ ಮೇಲೆ ಬಸ್ ಹಿಡಿದು ಹೋಗಿ ತೇರಣಾ ನದಿಯ ನೀರಿಗೆ ಬಿಟ್ಟು ಬರುತ್ತಾರೆ. ಅಕ್ಷರ ಬಿದ್ದ ಹಾಳೆ ಬೆಂಕಿಗೆ ಹೋಗಬಾರದು. ಇದು ಅವರಿಗೆ ಕೆಲಸ ಕಲಿಸಿದ ಮನ್ಮಥಪ್ಪನವರ ಕಟ್ಟಳೆ.

ಆ ಮನ್ಮಥಪ್ಪನವರು ಅವರ ಬದುಕಿಗೆ ಬಂದದ್ದು ತೊಂಬತ್ತಮೂರರ ಭೂಕಂಪದ ಬೆನ್ನಿಗೆ. ಜಗದೇವಿಯವರ ತವರು ಬಸವಕಲ್ಯಾಣದ ಕಡೆ, ಅಲ್ಲಿ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಕಲಿತವರು. ಕುರಿ ಕಾಯುವ ಮನೆತನಕ್ಕೆ ಸೊಸೆಯಾಗಿ ಸಾಸ್ತೂರಿನ ಹತ್ತಿರದ ಹಳ್ಳಿಗೆ ಬಂದರು. ಕುರಿಗಳ ಜೊತೆ ಊರೂರು ತಿರುಗುತ್ತಿದ್ದ ಗಂಡ, ಗಣಪತಿ ಕಳಿಸುವ ಹಬ್ಬಕ್ಕೆಂದು ಮನೆಗೆ ಬಂದಿದ್ದರು. ಮುಂದಿನದನ್ನು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಲ್ಲು ಮಣ್ಣಿನ ಗೋಡೆಗಳು ಬಿದ್ದವು. ಜಗದೇವಿ ಹೊರಗೆ ಬಂದರು, ಗಂಡ ಬರಲಿಲ್ಲ.

ತಗಡಿನ ಶೆಡ್ಡುಗಳಲ್ಲಿ ಶಾಲೆ ಮತ್ತೆ ಶುರುವಾದಾಗ, ಕಲ್ಲಿನಡಿಯಿಂದ ತೆಗೆದ ಪುಸ್ತಕಗಳಿಗೆ ಬೆನ್ನೂ ಇರಲಿಲ್ಲ, ಹೊಟ್ಟೆಯೂ ಇರಲಿಲ್ಲ. ಉಮರ್ಗಾದಿಂದ ಮನ್ಮಥಪ್ಪನವರು ಸೈಕಲ್ಲಿಗೆ ಅಂಟಿನ ಡಬ್ಬಿ ಕಟ್ಟಿಕೊಂಡು ಬಂದು, ಪುಕ್ಕಟೆಯಾಗಿ ಅವನ್ನು ಹೊಲಿಯಲು ಕುಳಿತರು. ಸುಮ್ಮನೆ ಕೂರಲಾಗದೆ ಜಗದೇವಿ ದಾರ ಹಿಡಿದುಕೊಟ್ಟರು. ಕೈ ಕೆಲಸಕ್ಕೆ ಹತ್ತಿತು. ಮಕ್ಕಳಿಲ್ಲದ ಆ ಹಿರಿಯರು ತಮ್ಮ ನಂತರ ಅಂಗಡಿಯನ್ನು ಇವರಿಗೇ ಬಿಟ್ಟುಹೋದರು.

ಇಷ್ಟಾಗಿದ್ದರೆ ಜಗದೇವಿ ಆ ಹಿಂದಿನ ಓಣಿಯಲ್ಲೇ ಯಾರಿಗೂ ಕಾಣದೆ ಇರುತ್ತಿದ್ದರು. ಆದರೆ ಒಂದು ದಿನ ಸಿನಿಮಾ ಅವರನ್ನು ಹುಡುಕಿಕೊಂಡು ಬಂತು.

ಮರಾಠಿ ಸಿನಿಮಾ, ಹೆಸರು 'ಚೋರಲೇಲೀ ಪೋಥಿ', ಅಂದರೆ ಕದ್ದ ಪೋಥಿ. ಮಠವೊಂದರಿಂದ ಹಳೆಯ ಪೋಥಿಯೊಂದು, ಕೈಬರಹದ ದೇವರ ಪುಸ್ತಕ, ಕಳುವಾಗುತ್ತದೆ. ಅದು ಯಾರ ಕೈಗೆ ಹೋದರೂ ಅವನ ಹೆಣ ಬೀಳುತ್ತದೆ. ಕೊನೆಗೆ ಪೊಲೀಸರು ಬಾಗಿಲಿಗೆ ಬಂದಾಗ, ಕದ್ದವನೇ ಅದಕ್ಕೆ ಬೆಂಕಿ ಇಡುತ್ತಾನೆ. ಚಿತ್ರೀಕರಣ ಉದ್ಗೀರಿನ ಒಂದು ಹಳೆಯ ವಾಡೆಯಲ್ಲಿ, ಸಿರಿವಂತರ ದೊಡ್ಡ ಮನೆಯಲ್ಲಿ. ಸಾಮಾನು ಸಜ್ಜು ಮಾಡುವ ಹೊಣೆ ಶೈಲೇಶನದು. ನಿಲಂಗಾದ ಹುಡುಗ, ಪುಣೆಯಲ್ಲಿ ಸಿನಿಮಾ ಕೆಲಸಕ್ಕೆ ನಿಂತವನು. ಬಂದವನೇ ಜಗದೇವಿಯನ್ನು ಚಿಕ್ಕಮ್ಮನೆಂದು ಕರೆದು ಮಾತಿಗಿಳಿದ. "ಮಾವಶಿ, ನೂರಾರು ವರ್ಷದ್ದು ಕಾಣಬೇಕು. ಎರಡು ಬೇಕು. ಒಂದು ತೋರ್ಸಲಿಕ್ಕ, ಒಂದು ಸುಡಲಿಕ್ಕ" ಎಂದ.

ಜಗದೇವಿ ಹಾಳೆಗಳನ್ನು ಚಹಾದ ನೀರಿನಲ್ಲಿ ಅದ್ದಿದರು, ಒಲೆಯ ಮೇಲಿನ ತೊಲೆಗೆ ಹೊಗೆ ತಾಕುವಂತೆ ನೇತುಹಾಕಿದರು, ಅಂಚುಗಳನ್ನು ಇಟ್ಟಂಗಿ ಚೂರಿನಿಂದ ತಿಕ್ಕಿದರು. ತೋರಿಸುವ ಪೋಥಿಗೆ ಮನ್ಮಥಪ್ಪನವರ ಭಜನೆ ಪುಸ್ತಕದ ಪದಗಳನ್ನು ಕನ್ನಡದಲ್ಲಿ ದುಂಡಗೆ ಇಳಿಸಿದರು. ಸುಡುವ ಪೋಥಿಯ ಮುಂದೆ ಕೈ ನಿಂತಿತು. ದೇವರ ಪದ ಬರೆದು ಬೆಂಕಿಗೆ ಕೊಡುವುದು ಹೇಗೆ? ಆದರೆ ಅಕ್ಷರ ಬೇಕೇಬೇಕು, ಹಾಳೆ ಮುದುಡಿ ಉರಿಯುವುದನ್ನು ಹತ್ತಿರದಿಂದ ತೆಗೆಯುತ್ತೇವೆ ಎಂದು ಶೈಲೇಶ ಹೇಳಿ ಹೋಗಿದ್ದ.

"ಅದಕ್ಕ ನಂದ ಏನರೆ ಬರದ್ರಾತು ಅಂದೆ. ನನ್ನ ಬರಹಕ್ಕೇನ್ರೀ, ಸುಟ್ರ ಯಾರಿಗಿ ಪಾಪ ಬರ್ತದ? ಪುಣೆದವರಿಗಿ ಕನ್ನಡ ಓದ್ಲಿಕ್ಕೂ ಬರಂಗಿಲ್ಲ."

ಬರೆದದ್ದು ಗಂಡನ ಬಗ್ಗೆ. ಭೂಕಂಪದ ನಂತರ ಸರಕಾರದವರು, ಪತ್ರಿಕೆಯವರು, ಬಂಧು ಬಳಗದವರು, ಕೇಳಿದವರೆಲ್ಲ ಅವರು ಹೇಗೆ ಹೋದರು ಎಂದೇ ಕೇಳಿದ್ದರು. ಅವರು ಹೇಗಿದ್ದರು ಎಂದು ಒಬ್ಬರೂ ಕೇಳಿರಲಿಲ್ಲ. ಅಷ್ಟೂ ವರ್ಷ ಯಾರಿಗೂ ಹೇಳದೆ ಉಳಿದದ್ದು ಆ ಹೊಗೆ ಹಿಡಿದ ಹಾಳೆಗಳ ಮೇಲೆ ಸಲೀಸಾಗಿ ಇಳಿಯಿತು. ಇನ್ನೂ ಒಂದು ಸಲಿಗೆ ತೆಗೆದುಕೊಂಡರು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವ ರೂಢಿ ಅವರಲ್ಲಿಲ್ಲ, ಮದುವೆಯಲ್ಲಿ ಒಡಪಿನ ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿದ್ದೇ ಕೊನೆ. ಸುಡುವ ಹಾಳೆಯಲ್ಲವೇ ಎಂದು ಹೆಸರನ್ನೂ ಬರೆದರು. ಒಂದು ಸಲವಲ್ಲ, ಬೇಕೆನಿಸಿದಾಗಲೆಲ್ಲ ಬರೆದರು.

ಕೊನೆಯ ದಿನದ ಚಿತ್ರೀಕರಣ ನೋಡಲು ಜಗದೇವಿಯೂ ಉದ್ಗೀರಿಗೆ ಹೋದರು. ಎರಡೂ ಪೋಥಿಗಳು ಕೆಂಪು ಅರಿವೆಯಲ್ಲಿ ಸಜ್ಜಾಗಿದ್ದವು. ಯಾರೋ ಸುಡುವ ಪೋಥಿಯನ್ನು ಪಡಸಾಲೆಯ ನೆಲದ ಮೇಲೆ, ಚಪ್ಪಲಿಗಳ ಪಕ್ಕ ಇಟ್ಟು ಚಹಾಕ್ಕೆ ಹೋದರು. ಅಲ್ಲಿಗೆ ವಾಡೆಯ ಒಡತಿ ಕುಸುಮಬಾಯಿ ಬಂದರು. ಕಾಳಿನ ವ್ಯಾಪಾರದ ಮನೆತನದ ಎಂಬತ್ತರ ಹಿರಿಯಮ್ಮ. ಆಡುವುದು ಕನ್ನಡ, ಓದಿದ್ದು ಅಲ್ಪಸ್ವಲ್ಪ ಮರಾಠಿ. ಕೆಂಪು ಅರಿವೆಯ ಪೋಥಿ ಚಪ್ಪಲಿಯ ಸಾಲಿನಲ್ಲಿ ಕಂಡು ಅವರ ಜೀವ ಚುರ್ ಎಂದಿತು. ಎತ್ತಿ ಹಣೆಗೊತ್ತಿಕೊಂಡು ಒಯ್ದರು, ವಿಭೂತಿ ಹಚ್ಚಿದರು, ಬಿಲ್ವದೆಲೆ ಏರಿಸಿ ದೇವರ ಜಗಲಿಯ ಮೇಲೆ ಇಟ್ಟೇಬಿಟ್ಟರು.

ಶೈಲೇಶ ಕೇಳಲು ಹೋದ. "ಜಗಲಿ ಮ್ಯಾಲ ಕೂತದ್ದು ಇಳ್ಯಂಗಿಲ್ಲ ತಮ್ಮಾ. ಪೂಜಾ ಆಗ್ಯದ" ಎಂದರು ಕುಸುಮಬಾಯಿ.

ನಿರ್ದೇಶಕ ಕೈಲಾಸ ತಲೆ ಮೇಲೆ ಕೈಹೊತ್ತು ಕುಳಿತರು. ಸಂಜೆಗೆ ಕ್ಯಾಮೆರಾ ಪುಣೆಗೆ ಹೊರಡಬೇಕು. ಅಜ್ಜಿ ಊಟ ಮಾಡಿ ಅಡ್ಡಾದಾಗ ಮೆಲ್ಲಗೆ ಎತ್ತಿಕೊಂಡು ಬಂದರಾಯಿತು ಎಂದ ಒಬ್ಬ. ಪೋಥಿಗಳ್ಳನ ಪಾತ್ರ ಮಾಡುತ್ತಿದ್ದ ನಟನೇ ಎರಡೂ ಕಿವಿ ಹಿಡಿದುಕೊಂಡು, ಆ ಕೆಲಸ ನನ್ನಿಂದ ಮಾತ್ರ ಆಗದು ಎಂದ. ಹಾಗಾದರೆ ತೋರಿಸುವ ಪೋಥಿಯನ್ನೇ ಸುಡೋಣ, ಅದರ ಕೆಲಸ ಮುಗಿದಿದೆ ಎಂದರು ಕೈಲಾಸ. ಜಗದೇವಿ ಅದನ್ನು ಮಡಿಲಿಗೆ ಎಳೆದುಕೊಂಡರು. "ಇದು ಬ್ಯಾಡ್ರಿ. ನಾ ಅವ್ವಾರಿಗಿ ಹೇಳಿ ಅದನ್ನ ತರ್ತೀನಿ" ಎಂದು ಎದ್ದರು. ತರುವುದೇ ಅವರ ಮನಸ್ಸಿನಲ್ಲಿತ್ತು. ತಮ್ಮ ಮನೆಯ ಮಾತು ಬೂದಿಯಾಗಲಿ, ಪರರ ಜಗಲಿಯ ಮೇಲೆ ಮಾತ್ರ ಕೂರದಿರಲಿ ಎಂದುಕೊಂಡು ಒಳಗೆ ನಡೆದರು.

"ಅವ್ವಾರ, ಅದರಾಗ ದೇವ್ರ ಮಾತು ಇಲ್ರೀ. ನಾ ಬರದೀನಿ. ನಮ್ಮ ಮನ್ಯಾಗಿನವ್ರ ಸುದ್ದಿ ಅದ" ಎಂದರು.

ಕುಸುಮಬಾಯಿ ಸಿಟ್ಟಾಗಲಿಲ್ಲ. ಮಣೆ ಸರಿಸಿದರು. "ಏನ ಬರದೀದಿ? ಓದು, ಕೇಳ್ತೀನಿ."

ಜಗದೇವಿ ಜಗಲಿಯ ಮುಂದೆ ನಿಂತೇ ಪೋಥಿ ಬಿಚ್ಚಿ ಓದತೊಡಗಿದರು. ಗಂಡ ಒಮ್ಮೆ ಸಂತೆಯಲ್ಲಿ ಕುರಿ ಮಾರಿದ್ದು, ಮಾರಿದ ಕುರಿ ಹಗ್ಗ ಹರಿದುಕೊಂಡು ಹಿಂದೆಯೇ ಬಂದದ್ದು, ಕೊಂಡವನಿಗೆ ಹಣ ತಿರುಗಿಸಿ, ಮೇಲೆ ಚಹಾ ಕುಡಿಸಿ, ಕುರಿಯನ್ನು ಮನೆಗೆ ಕರೆತಂದದ್ದು. ಹೆಂಡತಿ ಬೈದಾಳೆಂದು ಇದು ಬೇರೆ ಕುರಿ, ಹೊಸದಾಗಿ ಕೊಂಡೆ ಎಂದು ಸುಳ್ಳು ಹೇಳಿದ್ದು. ಕುರಿ ಅಷ್ಟರಲ್ಲಿ ತನ್ನ ಹಳೆಯ ಗೂಟಕ್ಕೇ ಹೋಗಿ ನಿಂತದ್ದು.

ಕುಸುಮಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ನಡುವೆ ತಡೆದರು. "ಅಲ್ಲಲ್ಲಿ ಏನೋ ಬಿಟ್ಟು ಓದ್ಲಿಕತ್ತೀದಿ ನೀ."

"ಅವ್ರ ಹೆಸರದರೀ ಅಲ್ಲಿ."

"ನಮ್ಮವ್ರ ಹೆಸರ ನಾನೂ ಎಂದೂ ಹೇಳಿಲ್ಲ ತಂಗಿ. ಸತ್ತು ಮೂವತ್ತು ವರ್ಷಾದ್ವು. ನೀ ಹೇಳು. ಇಲ್ಲಿ ನಾವಿಬ್ಬರೇ ಇದ್ದೀವಿ."

"ಅಮೃತಪ್ಪ" ಎಂದರು ಜಗದೇವಿ.

ಆಮೇಲೆ ಕುಳಿತು ಓದಿದರು, ಹೆಸರು ಬಂದಲ್ಲೆಲ್ಲ ಹೆಸರು ಹೇಳಿ ಓದಿದರು. ಅಮೃತಪ್ಪನನ್ನು ಎಂದೂ ಕಾಣದ ಒಬ್ಬರು ಅವನಿಗಾಗಿ ನಗುತ್ತಿದ್ದರು, ಮುಂದೇನಾಯಿತು ಎಂದು ಕೇಳುತ್ತಿದ್ದರು. ಹೊರಗೆ ಇಡೀ ಸಿನಿಮಾ ತಂಡ ಕಾಯುತ್ತಿತ್ತು. ಪುಟ ಮುಗಿಯುವ ಹೊತ್ತಿಗೆ ಜಗದೇವಿಗೆ ಆ ಪೋಥಿಯನ್ನು ಬೆಂಕಿಗೆ ಕೊಡುವ ಮನಸ್ಸು ಉಳಿದಿರಲಿಲ್ಲ. ಒಮ್ಮೆ ಕಳಕೊಂಡವನನ್ನು ಮತ್ತೊಮ್ಮೆ ಕಳಕೊಳ್ಳಲು ಯಾರಿಗೆ ತಾನೇ ಮನಸ್ಸು ಬಂದೀತು?

ಬರಿಗೈಯಲ್ಲಿ ಹೊರಗೆ ಬಂದು ಕೈಲಾಸರೆದುರು ನಿಂತರು. "ಸಾಹೇಬ್ರ, ತಪ್ಪ ತಿಳ್ಕೋಬ್ಯಾಡ್ರಿ. ಅದು ಬರಂಗಿಲ್ಲ. ನಿಮ್ಮ ಕೈಯಾಗ ಅದ ಅಲ್ರೀ ಸಿನಿಮಾದ ಕಥಿ, ಅದರ ಕೆಲಸಾನೂ ಇವತ್ತಿಗಿ ಮುಗೀತದ. ಅದನ್ನ ಕೊಡ್ರಿ, ಸುಡಲಿಕ್ಕ ಹೊಲ್ದು ಕೊಡ್ತೀನಿ." ಶೈಲೇಶ ಅದನ್ನೇ ಮರಾಠಿಯಲ್ಲಿ ಹೇಳಿದ. ಕೈಲಾಸರ ಕೈ ತಾನಾಗಿ ಆ ದಪ್ಪ ಕಟ್ಟನ್ನು ಎದೆಗೆ ಒತ್ತಿಕೊಂಡಿತು. ಅದನ್ನು ಎಲ್ಲರೂ ಕಂಡರು, ಅವರೂ ಕಂಡರು. ಕೊನೆಗೆ ಕೈಲಾಸರೇ ನಕ್ಕು, "ಕೋರಾ ಕಾಗದ ಚಾಲೇಲ" ಎಂದರು. ಖಾಲಿ ಕಾಗದ ನಡೆಯುತ್ತದೆ.

ಶೈಲೇಶನ ಚಿತ್ರ ಬರೆಯುವ ಖಾಲಿ ಹಾಳೆಗಳಿಗೆ ಜಗದೇವಿ ಅಲ್ಲಿಯೇ ಚಹಾ ಬಳಿದು, ಬಿಸಿಲಿಗೆ ಒಣಗಿಸಿ, ಹೊಲಿದು ಕೊಟ್ಟರು. ಸೂರ್ಯ ಇಳಿಯುವ ಮೊದಲು ಬೆಂಕಿಯ ದೃಶ್ಯ ಮುಗಿಯಿತು. ಉಮರ್ಗಾದ ಟಾಕೀಜಿಗೆ ಸಿನಿಮಾ ಬಂದಾಗ ಹೊಗೆ ದಟ್ಟವಾಗಿತ್ತು, ಅಕ್ಷರ ಇಲ್ಲದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬರು ಅಯ್ಯೋ ಎಷ್ಟು ಹಳೇ ಪೋಥಿ ಎಂದು ಮರುಗಿದರೆ, ಜಗದೇವಿ ಅವರಿಗೆ ಸೇಂಗಾ ಕೊಟ್ಟು ಸಮಾಧಾನ ಮಾಡಿದರಂತೆ.

ಪೋಥಿ ಈಗಲೂ ಉದ್ಗೀರಿನ ಜಗಲಿಯ ಮೇಲೇ ಇದೆ. ವಾರಕ್ಕೊಮ್ಮೆ ಸಂತೆ ಇಲ್ಲದ ದಿನ ನೋಡಿ ಜಗದೇವಿ ಬಸ್ ಹತ್ತುತ್ತಾರೆ. ಕುಸುಮಬಾಯಿಯ ಜೊತೆ ಈಗ ಓಣಿಯ ನಾಲ್ಕಾರು ಹೆಂಗಸರೂ ಕೇಳಲು ಬಂದು ಕೂರುತ್ತಾರೆ. ಕುರಿಯ ಕಥೆಯನ್ನು ಎಷ್ಟು ಸಲ ಓದಿಸಿದರೂ ಅವರಿಗೆ ಸಾಕಾಗುವುದಿಲ್ಲ. ಅವರಲ್ಲೊಬ್ಬರು ಹೋದ ಸಲ, ನಮ್ಮವರ ಬಗ್ಗೆ ಬರೆದುಕೊಡುತ್ತೀಯಾ ಎಂದು ಕೇಳಿದ್ದಾರೆ. ಪೋಥಿಯ ಕೊನೆಯಲ್ಲಿ ಒಂದಿಷ್ಟು ಹಾಳೆ ಖಾಲಿ ಉಳಿದಿವೆ. ಅವನ್ನು ಯಾವಾಗ ತುಂಬುತ್ತೀ ಎಂದು ಕುಸುಮಬಾಯಿಯ ತಕರಾರು ಬೇರೆ.

ಅಂಟು ಆರಿದೆ. ಜಗದೇವಿ ಬೋಗುಣಿಯನ್ನು ಒಳಗೆ ಸರಿಸಿ ದಬ್ಬಣಕ್ಕೆ ದಾರ ಪೋಣಿಸುತ್ತಾರೆ. ಯಾಕೆ ಇನ್ನೂ ಬರೆದಿಲ್ಲ ಎಂದು ಕೇಳಿದರೆ, ದಾರದ ತುದಿಯನ್ನು ಹಲ್ಲಿನಿಂದ ಕಡಿದು ಗಂಟು ಹಾಕುತ್ತಾರೆ.

"ಆವಾಗ ಸುಡ್ತಾರಂತ ಗೊತ್ತಿತ್ರೀ, ಬಾಯಿಗಿ ಬಂದದ್ದು ಬರದೆ. ಈಗ ಉಳೀತದಂತ ಗೊತ್ತಾಗ್ಯದ. ಒಂದೊಂದ ಮಾತೂ ತೂಗಿ ನೋಡ್ಲಿಕತ್ತೀನಿ. ಖರೇ, ಬರೀತೀನಿ. ಅಮೃತಪ್ಪಂದು ಇನ್ನಾ ಭಾಳ ಅದ."