ಹ್ಯಾಂಡಲ್ ತಿರುವುವ ಪ್ರೊಪೆಲರ್

ಬೇರೆ ಹೆಂಗಸರ ಗಂಡಂದಿರು ಹಳೇ ಮೋಟಾರ್‌ಸೈಕಲ್ಲು ಇಟ್ಟುಕೊಳ್ಳುತ್ತಾರೆ, ಹಳೇ ರೇಡಿಯೊ ಇಟ್ಟುಕೊಳ್ಳುತ್ತಾರೆ, ಏನೂ ಇಲ್ಲದವರು ಅಣ್ಣತಮ್ಮಂದಿರ ಮೇಲೆ ಹಳೇ ಹಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯವರು ಒಂದು ಹಳೇ ವಿಮಾನ ಇಟ್ಟುಕೊಂಡಿದ್ದರು. ಇಬ್ಬರು ಕೂರುವ ವಿಮಾನ. ಇಬ್ಬರೂ ಹೊಟ್ಟೆ ಒಳಗೆಳೆದುಕೊಂಡರೆ ಮಾತ್ರ ಬಾಗಿಲು ಮುಚ್ಚುತ್ತಿತ್ತು.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮದು ಹಗ್ಗ, ತಾಡಪಾಲು, ಪೈಪುಗಳ ಹೋಲ್‌ಸೇಲ್ ಅಂಗಡಿ. ಹಗ್ಗ ಮಾರುವವನಿಗೆ ವಿಮಾನ ಯಾಕೆ ಎಂದು ಬಳ್ಳಾರಿಯ ನೆಂಟರೆಲ್ಲ ಕೇಳಿದ್ದು ನನ್ನನ್ನು, ನಾನೇನೋ ಅದನ್ನು ತವರಿನಿಂದ ಬಳುವಳಿಯಾಗಿ ತಂದವಳ ಹಾಗೆ. ನಮ್ಮವರು ಮದುವೆಗೆ ಮುಂಚೆಯೇ ಹಾರುವುದು ಕಲಿತಿದ್ದರು. ಹುಡುಗ ಬುದ್ಧಿವಂತ, ಮಿತಭಾಷಿ, ದುಶ್ಚಟ ಯಾವುದೂ ಇಲ್ಲ ಎಂದು ಹುಡುಗನ ಕಡೆಯವರು ಹೇಳಿದ್ದರು. ಹಾರುವುದು ದುಶ್ಚಟದ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳುವುದು ನಮ್ಮಪ್ಪನಿಗೆ ಹೊಳೆದಿರಲಿಲ್ಲ.

ಕುರುಗೋಡಿನಿಂದ ಬಾದನಹಟ್ಟಿ ಕಡೆ ಹೋಗುವಾಗ ನಮ್ಮದೊಂದು ಹೊಲವಿತ್ತು. ಎಲ್ಲರೂ ಹತ್ತಿ, ಮೆಣಸಿನಕಾಯಿ ಬೆಳೆಯುವ ನೆಲದಲ್ಲಿ ಇವರು ಗರಸು ಹಾಕಿಸಿ, ರೋಲರ್ ಓಡಿಸಿ ಉದ್ದಕ್ಕೆ ರನ್‌ವೇ ಬೆಳೆದರು. ಪಕ್ಕದಲ್ಲಿ ತಗಡಿನ ಶೆಡ್ಡು. ಕಾಗದಪತ್ರ, ಪರವಾನಗಿ, ಡಾಕ್ಟರ ತಪಾಸಣೆ ಎಲ್ಲವೂ ಅಚ್ಚುಕಟ್ಟು. ಮನೆಯ ನಲ್ಲಿ ಸೋರುತ್ತಿದೆ ಎಂದರೆ ಮಾತ್ರ ಅವರಿಗೆ ಸಮಯ ಸಿಗುತ್ತಿರಲಿಲ್ಲ.

ಆ ವಿಮಾನದಲ್ಲಿ ಅವರಿಗೆ ಎಲ್ಲಕ್ಕಿಂತ ಪ್ರೀತಿ ಅದರ ಪ್ರೊಪೆಲರ್ ಮೇಲೆ. ಊರಿನ ಜನ ಅದಕ್ಕೆ ಫ್ಯಾನು ಅನ್ನುತ್ತಿದ್ದರು. ಹಾಗೆಂದಾಗ ಇವರ ಮುಖ ಹುಳ್ಳಗಾಗುವುದನ್ನು ನೋಡಲೆಂದೇ ನಾನೂ ಫ್ಯಾನು ಅನ್ನುತ್ತಿದ್ದೆ. ಎರಡು ಮರದ ಅಲಗು, ಅವನ್ನು ಹಿಡಿದಿಡಲು ನಡುವೆ ಉಕ್ಕಿನ ಹಬ್, ಹಬ್ಬಿನ ಮುಂದೆ ಮೊನಚು ಟೋಪಿ. ಈಗ ಅಂಥವು ತಯಾರಾಗುವುದಿಲ್ಲವಂತೆ. ಯಾಕೆ ತಯಾರಾಗುವುದಿಲ್ಲ ಎಂಬುದು ಆ ವಿಮಾನದಲ್ಲಿ ಕೂತು ಬಂದ ನನಗೆ ಚೆನ್ನಾಗಿ ಗೊತ್ತು.

ಸಾಮಾನ್ಯ ಪ್ರೊಪೆಲರಿನ ಅಲಗು ಹೇಗೆ ಕೂರಿಸಿದ್ದಾರೋ ಹಾಗೇ ಇರುತ್ತದೆ. ಇದರದ್ದು ಹಾರುತ್ತಿರುವಾಗಲೇ ಓರೆಯಾಗುತ್ತಿತ್ತು. ಮೇಲೇರುವಾಗ ಅಲಗು ಗಾಳಿಯನ್ನು ಸಣ್ಣ ತುತ್ತಾಗಿ ಕಚ್ಚಬೇಕು, ಮೇಲೆ ಹೋದ ಮೇಲೆ ದೊಡ್ಡ ತುತ್ತು. ಗಾಡಿ ಗುಡ್ಡ ಹತ್ತುವಾಗ ಒಂದನೇ ಗೇರು, ಬಯಲಿನಲ್ಲಿ ನಾಲ್ಕನೇ ಗೇರು ಇದ್ದಂತೆ. ಗೇರಾದರೆ ಹಾಕಿದರೆ ಬೀಳುತ್ತದೆ. ಇದಕ್ಕೆ ಬಲಗಡೆ ಸೀಟಿನ ಮುಂದೆ ಒಂದು ಹ್ಯಾಂಡಲ್ ಇತ್ತು, ಹಳೇ ಹೊಲಿಗೆ ಮಿಷನ್ನಿನದರ ಹಾಗೆ. ಅದನ್ನು ಕೈ ಸೋಲುವ ತನಕ ತಿರುವಬೇಕು. ಬಲಗಡೆ ಸೀಟಿನಲ್ಲಿ ಕೂರುವವಳು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಾಲೇಜಿನಲ್ಲಿ ನನಗೆ ಚಿನ್ನದ ಪದಕ ಬಂದಿತ್ತು. ಆ ವಿದ್ಯೆಯೆಲ್ಲ "ಸಣ್ಣ ತುತ್ತು!" "ದೊಡ್ಡ ತುತ್ತು!" ಎಂಬ ಎರಡು ಆಜ್ಞೆಗೆ ಸರಿಯಾಗಿ ತೋಳು ಆಡಿಸುವುದಕ್ಕೆ ವಿನಿಯೋಗವಾಯಿತು.

ನಮ್ಮತ್ತೆಗೆ ಮಗ ಒಬ್ಬನೇ. ಅವರು ಎಂದೂ ಹಾರಬೇಡ ಎಂದವರಲ್ಲ, ದೇವರ ಜೊತೆ ನೇರವಾಗಿ ಮಾತಾಡಿಕೊಳ್ಳುತ್ತಿದ್ದರು. ಪ್ರತಿ ಅಮಾವಾಸ್ಯೆ ಬ್ರೂಸ್‌ಪೇಟೆಯ ಅಂಗಡಿಯಲ್ಲಿ ತಕ್ಕಡಿ, ಗಲ್ಲಾ, ಶಟರು, ಟೆಂಪೋ ಎಲ್ಲದಕ್ಕೂ ಪೂಜೆ ಮುಗಿಸಿ, ಉಳಿದ ಕಾಯಿ ಕರ್ಪೂರ ಬುಟ್ಟಿಗೆ ಹಾಕಿಕೊಂಡು ಕಾರಿನಲ್ಲಿ ಶೆಡ್ಡಿಗೆ ಬರುತ್ತಿದ್ದರು. ಎರಡೂ ಅಲಗಿಗೆ ಮೂರು ಬೆರಳಿನ ವಿಭೂತಿ, ಗಾಲಿಯ ಕೆಳಗೆ ನಿಂಬೆಹಣ್ಣು, ಅಲಗಿನ ಬುಡಕ್ಕೆ ದೃಷ್ಟಿಯಾಗದಿರಲೆಂದು ಕರಿದಾರ. ಮಗ ಕೈ ಮುಗಿದು ಮಂಗಳಾರತಿ ತೆಗೆದುಕೊಳ್ಳುತ್ತಿದ್ದರು. ಮರುದಿನ ಹಾರುವ ಮುಂಚೆ ಒದ್ದೆ ಬಟ್ಟೆಯಿಂದ ವಿಭೂತಿ ಒರೆಸಿ, ದಾರ ಕತ್ತರಿಸಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ದೇವರೂ ಸಂತೋಷ, ಅವ್ವನೂ ಸಂತೋಷ, ಪ್ರೊಪೆಲರೂ ಸಂತೋಷ. ಇಂಥ ರಾಜಕೀಯ ನಮ್ಮ ಜಿಲ್ಲೆಯ ಗಂಡಸರಿಗೆ ಯಾರೂ ಕಲಿಸಬೇಕಾಗಿಲ್ಲ.

ಕಳೆದ ಚಳಿಗಾಲದ ಒಂದು ಅಮಾವಾಸ್ಯೆ, ಪೂಜೆಯ ಹೊತ್ತಿಗೆ ಸರಿಯಾಗಿ ಶೆಡ್ಡಿಗೊಬ್ಬ ಬಂದ. ಸಿರುಗುಪ್ಪ ರಸ್ತೆಯಲ್ಲಿ ಹೊಸದಾಗಿ ಕಲ್ಯಾಣ ಮಂಟಪ ಕಟ್ಟಿಸಿದವನು. ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ನನಗ ಕೊಟ್ ಬಿಡ್ರಿ ಸಾಹುಕಾರ್ರ. ಮಂಟಪದ ಮುಂದ ನಿಲ್ಲಸ್ತೀನಿ. ಮದುವಿ ಹುಡುಗ ಹುಡುಗಿ ಇದರಾಗ ಕುಂತು ಫೋಟೋ ತೆಗಿಸ್ಕೊಂತಾರ. ಮತ್ತ, ಇದು ಹಾರೋದೇನ್ ಬ್ಯಾಡ್ರಿ."

ನಮ್ಮವರ ಮುಖ ನೋಡಬೇಕಿತ್ತು. ಕನ್ಯೆ ನೋಡಲು ಬಂದವನು ಹುಡುಗಿಯನ್ನು ಅಡುಗೆಗಿಟ್ಟುಕೊಳ್ಳುತ್ತೇನೆ ಎಂದಂತಿತ್ತು. ಅತ್ತೆ ಮಾತ್ರ ಆರತಿ ತಟ್ಟೆ ಕೆಳಗಿಟ್ಟು, "ಕೊಟ್ ಬಿಡಪಾ" ಅಂದರು. "ಇದು ಒಂದಿನ ಕೈ ಕೊಡ್ತೈತಿ."

"ಇವತ್ತಿನ ತನಕ ಕೊಟ್ಟೈತೇನವ್ವಾ?"

"ಕೊಟ್ ದಿನ?"

"ಕೊಟ್ ದಿನ ಇವ್ರಿಗೆ ಕೊಟ್ ಬಿಡ್ತೀನಿ. ನಿನ್ನಾಣಿ."

ನಮ್ಮವರು ಅವ್ವನ ಮೇಲೆ ಆಣೆ ಇಟ್ಟು ತಪ್ಪಿದವರಲ್ಲ. ನಾನಂತೂ ಅಲ್ಲಿಯೇ ನಿಂತು ತುಪ್ಪದ ದೀಪದ ಹರಕೆ ಹೊತ್ತೆ: ಸ್ವಾಮೀ, ಇದು ಬೇಗ ಕೈ ಕೊಡಲಿ, ಆದರೆ ನೆಲದ ಮೇಲಿದ್ದಾಗ ಕೊಡಲಿ. ದೇವರು ಮೊದಲನೇ ಅರ್ಧ ಮಾತ್ರ ಕೇಳಿಸಿಕೊಂಡ.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ವಿಭೂತಿ ಒರೆಸಿದರು, ದಾರ ಕತ್ತರಿಸಿದರು. ನಾವು ಹೊಟ್ಟೆ ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡೆವು. ಸಣ್ಣ ತುತ್ತಿನಲ್ಲಿ ಎದ್ದೆವು. ಕುರುಗೋಡು ಗುಡ್ಡ ಕೆಳಗೆ ಸರಿಯಿತು, ಕಾಲುವೆ ಸಿಕ್ಕಿತು, ಕಾಲುವೆಯ ಆಚೆ ಭತ್ತದ ಗದ್ದೆ. "ದೊಡ್ಡ ತುತ್ತು!" ಎಂದರು. ತಿರುವಿದೆ. ಹ್ಯಾಂಡಲ್ ಅಂದು ಯಾಕೋ ಬಿಗಿ ಎನ್ನಿಸಿತು. ವಯಸ್ಸಾಗಿದ್ದು ಅದಕ್ಕೋ ನನಗೋ ಎಂದು ತಲೆ ಕೆಡಿಸಿಕೊಳ್ಳದೆ ಎರಡೂ ಕೈ ಹಾಕಿ ತಿರುವಿ ಮುಗಿಸಿದೆ. ಸಿರುಗುಪ್ಪದ ರೈಸ್‌ಮಿಲ್ಲುಗಳ ಹೊಗೆಯ ಮೇಲೆ ಒಂದು ಸುತ್ತು ಹಾಕಿ ಹಿಂದಿರುಗಿದೆವು. ನಿಜ ಹೇಳಬೇಕೆಂದರೆ, ಆ ಬೆಳಕಿನಲ್ಲಿ ನನಗೂ ಖುಷಿಯಾಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಪ್ರತಿ ವಾರ ಕರೆದುಕೊಂಡು ಹೊರಡುತ್ತಿದ್ದರು.

ಹೊಲ ಹತ್ತಿರವಾದಾಗ "ಸಣ್ಣ ತುತ್ತು!" ಎಂದರು. ಹ್ಯಾಂಡಲ್ ಅಲ್ಲಾಡಲಿಲ್ಲ.

"ತಿರುವ್ಲೇ!"

"ತಿರುವಾಕ ಬರವಲ್ದುರೀ!"

ಅವರೇ ಒಂದು ಕೈ ಚಾಚಿ ಎಳೆದರು. ಇಲ್ಲ. ಗಂಡ ಹೆಂಡತಿ ಕೂಡಿ ಒಂದೇ ಕೆಲಸಕ್ಕೆ ಕೈ ಹಾಕಿದ್ದು ಮದುವೆಯಾದ ಮೇಲೆ ಅದೇ ಮೊದಲು. ಆಮೇಲೆ ಅವರು ಕೈ ತೆಗೆದು, ಅಂಗಡಿಯಲ್ಲಿ ಗಿರಾಕಿಗೆ ಹೇಳುವಷ್ಟೇ ತಣ್ಣಗೆ ಹೇಳಿದರು.

"ಇಳಿಯಾಕೇನ್ ತ್ರಾಸಿಲ್ಲ. ಆದ್ರ ಹಿಂಗ ಸಿಕ್ಕೊಂಡ್ರ ಇದು ಮತ್ತ ಮ್ಯಾಲ ಏಳಾಂಗಿಲ್ಲ. ಒಂದ ಸಲಕ್ಕ ಇಳೀಬೇಕು."

ಅಷ್ಟರಲ್ಲಿ ರನ್‌ವೇ ಕಂಡಿತು. ಅರ್ಧ ರನ್‌ವೇ ಕೆಂಪಗಿತ್ತು. ನಮ್ಮ ಪಕ್ಕದ ಹೊಲದವನು ಮೆಣಸಿನಕಾಯಿ ಹರವಿದ್ದ. ನಮ್ಮ ಕಡೆ ಬಿಸಿಲಿಗೆ ಮೈ ಒಡ್ಡಿದ ಸಪಾಟು ಜಾಗ ರಸ್ತೆಯಾದರೂ ಸರಿ, ಶಾಲೆಯ ಅಂಗಳವಾದರೂ ಸರಿ, ಸುಗ್ಗಿಯಲ್ಲಿ ಅದು ಕಣ. ಹಾರದ ದಿನ ಹರವಿಕೋ ಎಂದು ಇವರೇ ಧಾರಾಳವಾಗಿ ಹೇಳಿದ್ದರು. ವಿಮಾನ ಹೋಯಿತು, ಜಾಗ ಖಾಲಿಯಾಯಿತು ಎಂಬುದು ಅವನ ತರ್ಕ. ಹೋದದ್ದು ಬರುತ್ತದೆ ಎಂಬ ಭಾಗವನ್ನು ಅವನು ಯೋಚಿಸಿರಲಿಲ್ಲ. ನಮ್ಮನ್ನು ಕಂಡವನೇ ತಲೆಯ ಟವೆಲ್ ತೆಗೆದು ಬೀಸತೊಡಗಿದ, ಕಾಗೆ ಓಡಿಸುವಂತೆ.

ನಾನು ಕಣ್ಣು ಮುಚ್ಚಿಕೊಂಡು, ದೀಪದ ಹರಕೆಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ದೇವರಿಗೆ ಹೇಳಿದೆ. ಗಾಲಿ ಗರಸಿಗೆ ತಾಕಿದ್ದು ಗೊತ್ತಾಯಿತು. ವಿಮಾನ ಕುಣಿಯುತ್ತ, ಕುಂಟುತ್ತ ಓಡಿ ನೇರ ಮೆಣಸಿನಕಾಯಿಯೊಳಕ್ಕೆ ನುಗ್ಗಿತು. ಎಂಜಿನ್ ನಿಲ್ಲಿಸುವಷ್ಟರಲ್ಲಿ ಪ್ರೊಪೆಲರ್ ತನ್ನ ಪಾಲಿನ ಖಾರ ಕುಟ್ಟಿ ಗಾಳಿಗೆ ತೂರಿತ್ತು. ಬದುಕಿದೆವು ಎಂದು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವ ಬದಲು ನಾವಿಬ್ಬರೂ ಸೀನುತ್ತ, ಕೆಮ್ಮುತ್ತ, ಮೂಗು ಒರೆಸಿಕೊಳ್ಳುತ್ತ ಇಳಿದೆವು.

"ಇಳಿಯೋ ಮುಂಚೆ ಒಂದ್ ಮಾತ್ ಹೇಳಬೇಕೋ ಬ್ಯಾಡೋ ಸಾಹುಕಾರ್ರ?" ಎಂದು ಪಕ್ಕದ ಹೊಲದವನೂ ಸೀನುತ್ತಲೇ ಬೈದ. "ಹಿಂಗ ಹೇಳದ ಕೇಳದ ಬಂದ್ರ ಹ್ಯಾಂಗ?"

ಅವನು ಉಳಿದ ಮೆಣಸಿನಕಾಯಿ ಬಳಿದುಕೊಂಡು ಹೋದ ಮೇಲೆ ಇವರು ಪ್ರೊಪೆಲರಿನ ಟೋಪಿ ಬಿಚ್ಚಿದರು. ಒಳಗೆ, ಅಲಗನ್ನು ಹೊರಳಿಸುವ ಹಲ್ಲುಚಕ್ರದಲ್ಲಿ ಕರಿದಾರ ಸುತ್ತಿಕೊಂಡು ಗಂಟಾಗಿ ಕೂತಿತ್ತು. ಬೆಳಿಗ್ಗೆ ಇವರು ಕತ್ತರಿಸಿದ ದಾರ ಇವರ ಕಿಸೆಯಲ್ಲೇ ಇತ್ತು. ಇದು ಇನ್ನೊಂದು. ತೆಳ್ಳಗಿನದು. ಟೋಪಿ ಮತ್ತು ಹಬ್ಬಿನ ನಡುವಿನ ಸಂದಿಯಲ್ಲಿ, ಸಣ್ಣ ಕೈಯಷ್ಟೇ ಹೋಗುವ ಕಡೆ, ಕಣ್ಣಿಗೆ ಬೀಳದಂತೆ ಕಟ್ಟಿದ್ದು.

ಮಗ ಪ್ರತಿ ಸಲ ದಾರ ಕತ್ತರಿಸುವುದು ಅತ್ತೆಗೆ ಗೊತ್ತಾಗಿತ್ತು. ಕೇಳಿರಲಿಲ್ಲ, ಜಗಳ ಮಾಡಿರಲಿಲ್ಲ. ಅವನಿಗೆ ಕಾಣದ ಕಡೆ ಇನ್ನೊಂದು ಕಟ್ಟಿದ್ದರು, ಅಷ್ಟೇ.

ನಮ್ಮವರು ಗಾಲಿಯ ಪಕ್ಕ ನೆಲದ ಮೇಲೆ ಕೂತು ಆ ದಾರವನ್ನು ಇಕ್ಕಳದಿಂದ ಎಳೆ ಎಳೆಯಾಗಿ ಬಿಡಿಸಿದರು. ದಾರ ಪೂರ್ತಿ ಹೊರಬಂದ ಮೇಲೆ ನಾನು ಹತ್ತಿ ಹ್ಯಾಂಡಲ್ ತಿರುವಿದೆ. ಬೆಣ್ಣೆಯಂತೆ ತಿರುಗಿತು.

"ಮಿಷನ್ನಂದ ಏನೂ ತಪ್ಪಿಲ್ರಿ," ಅಂದೆ. ನನ್ನ ಬಾಯಿಂದ ಅದಕ್ಕೆ ಸಿಕ್ಕ ಮೊದಲ ಒಳ್ಳೆಯ ಮಾತು.

"ದಾರದ ಮಾತು ಅವ್ವಗ ಹೇಳಬ್ಯಾಡ."

"ಹೇಳದಿದ್ರ ಆಣಿ ಪ್ರಕಾರ ಇದು ಹೋಗತೈತಿ."

"ಹೋಗ್ಲಿ. ತನ್ನ ಕೈಯಿಂದನ ಮಗ ಸಾಯ್ತಿದ್ದ ಅಂತ ತಿಳದ್ರ ಆಕಿ ಉಳಿಯಾಂಗಿಲ್ಲ."

ಸಂಜೆ ಕಂಟೋನ್ಮೆಂಟಿನ ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಂಚೆಯೇ ಬಂದು ಕಾಫಿ ಕುಡಿದು ಹೋಗಿತ್ತು. ಬಳ್ಳಾರಿಯಲ್ಲಿ ಸುದ್ದಿಗೆ ವಿಮಾನ ಬೇಕಾಗಿಲ್ಲ. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಮಗನನ್ನು ತಲೆಯಿಂದ ಕಾಲಿನವರೆಗೆ ಕಣ್ಣಿನಲ್ಲೇ ಸವರಿ ನೋಡಿದರು.

"ಏನಾತಪಾ?"

"ಹ್ಯಾಂಡಲ್ ಸಿಕ್ಕೊಂತವ್ವಾ. ಹಳೇ ಮಿಷನ್ನು. ಕೈ ಕೊಡ್ತು."

ಅತ್ತೆ ಅವರನ್ನು ನಂಬಲಿಲ್ಲ. ಆ ಪ್ರೊಪೆಲರ್ ವಿಷಯದಲ್ಲಿ ಈ ಮಗ ಇಷ್ಟು ಸುಲಭವಾಗಿ ಸೋಲುವವನಲ್ಲ. ನನ್ನ ಕಡೆ ತಿರುಗಿದರು.

"ನೀ ಹೇಳವ್ವಾ. ನೀ ಅದರ ಪರ ಮಾತಾಡಾಕಿ ಅಲ್ಲ. ಖರೇನ ಮಿಷನ್ನಂದ ತಪ್ಪಾ? ಮತ್ತೇನರ ಐತೇನು?"

ಇಷ್ಟು ವರ್ಷ ಅದನ್ನು ಬೈಯಲು ನನಗೆ ಕಾರಣವೇ ಬೇಕಿರಲಿಲ್ಲ. ಹಬ್ಬ ತಪ್ಪಿದ್ದಕ್ಕೆ ಅದನ್ನು ಬೈದಿದ್ದೆ, ನಲ್ಲಿ ಸೋರಿದ್ದಕ್ಕೆ ಅದನ್ನು ಬೈದಿದ್ದೆ. ಅಂದು ಮಾತ್ರ ಅದು ಹೋಗಬಾರದು ಎಂದು ಅನ್ನಿಸಿಬಿಟ್ಟಿತ್ತು. ನಮ್ಮವರು ಪಡಸಾಲೆಯ ಬಂಡೆಗಲ್ಲು ನೋಡುತ್ತ ನಿಂತಿದ್ದರು.

"ಹೌದ್ರಿ ಅತ್ತಿ," ಅಂದೆ. "ಮಿಷನ್ನಂದ ತಪ್ಪು."

ಅತ್ತೆ ಉಸಿರು ಬಿಟ್ಟು, ಮೊರ ಎತ್ತಿಕೊಂಡು ಒಳಗೆ ಹೋದರು. ನಮ್ಮವರು ಫೋನ್ ತೆಗೆದು ಕಲ್ಯಾಣ ಮಂಟಪದವನ ನಂಬರ್ ಹುಡುಕತೊಡಗಿದರು. ಅವರಲ್ಲಿ ಇರಲಿಲ್ಲ. ನನ್ನಲ್ಲಿತ್ತು. ಹಿಂದಿನ ದಿನ ಶೆಡ್ಡಿನಲ್ಲೇ ಅವನನ್ನು ಕೇಳಿ ಇಸಿದುಕೊಂಡಿದ್ದೆ. ನಾನೇ ತೆಗೆದು ಕೊಟ್ಟೆ.